ಅವನು ಮುಖ ನೋಡದ ಎರಡು ವರ್ಷ

"ಶ್ಶ್ಶ್...!"

ಕಾರಿಡಾರಿನ ಆ ತುದಿಯಿಂದ ಗಂಡಸೊಬ್ಬ ಎರಡೂ ಕೈ ಮೇಲೆತ್ತಿಕೊಂಡು ಅವಳತ್ತ ಓಡಿ ಬರುತ್ತಿದ್ದ. ಓಡಿ ಎಂದರೆ ಅಷ್ಟು ಸರಿಯಾಗಲಾರದು. ಹೆಜ್ಜೆ ಸದ್ದಾಗದಂತೆ ತುದಿಗಾಲಿನಲ್ಲಿ, ಹಲ್ಲು ಕಚ್ಚಿಕೊಂಡು, ಕಣ್ಣು ಇಷ್ಟಗಲ ಮಾಡಿಕೊಂಡು!

'ಅಯ್ಯೋ, ಎಲ್ಲಾದರೂ ಬೆಂಕಿ ಬಿತ್ತಾ?'

ಗಾಬರಿಯಲ್ಲಿ, ಕೈಯಲ್ಲಿ ಗಿಲಿಗಿಲಿ ಎನ್ನುತ್ತಿದ್ದ ಆಟಿಕೆ ಪೆಟ್ಟಿಗೆ ಜಾರಿತು. ಗಿಲಕಿ, ಗಂಟೆ, ತಗಡಿನ ಲೋಟ, ಹನ್ನೆರಡು ಮರದ ಬ್ಲಾಕ್... ಎಲ್ಲವೂ ಟೈಲ್ಸ್ ನೆಲದ ಮೇಲೆ ಢಣಢಣ ಬಿದ್ದವು.

ಆಮೇಲೆ ಮುಚ್ಚಿದ ಬಾಗಿಲಿನಾಚೆಯಿಂದ ಒಂದು ಸಣ್ಣ ಅಳು ಶುರುವಾಯಿತು. ಸಣ್ಣದು ದೊಡ್ಡದಾಯಿತು.

ಅವನು ನಿಂತಲ್ಲೇ ನಿಂತು ಕಣ್ಣು ಮುಚ್ಚಿಕೊಂಡ.

"ಎರಡು ಗಂಟೆ," ಎಂದ. "ಎರಡು ಗಂಟೆ ಕಾದಿದೀನಿ ರೀ, ಆ ಮಗು ಮಲಗ್ಲಿ ಅಂತ! ಹಾಲು ಕುಡಿಸಿ, ಸುತ್ತಿ, ಕಿವಿ ಮುಚ್ಚಿ... ಇನ್ನೇನು ಸ್ಕ್ಯಾನ್ ಮೆಷಿನ್ ಒಳಗೆ ಮಲಗಿಸಬೇಕು, ಅಷ್ಟರಲ್ಲಿ ಬ್ಯಾಂಡ್ ಸೆಟ್ ತಗೊಂಡು ಬಂದ್ರಲ್ಲ!"

"ನನಗೇನ್ರೀ ಗೊತ್ತು? ಮಗು ಮಲಗಿದೆ ಅಂತ ಒಂದು ಬೋರ್ಡ್ ಹಾಕೋಕಾಗಲ್ವಾ?"

"ಹಾಕಿದೀನಿ."

"ಎಲ್ಲಿ?"

"ನೀವು ಅದರ ಮೇಲೇ ನಿಂತಿದೀರಿ."

ಅವಳು ಕೆಳಗೆ ನೋಡಿದಳು. ನಿಜ. ಗೋಡೆಯಿಂದ ಕಳಚಿ ಬಿದ್ದಿದ್ದ ಬೋರ್ಡು ಅವಳ ಎಡಗಾಲಿನ ಕೆಳಗಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಅವನಿಗೆ ಬೈಯುವುದು ಇನ್ನೂ ಬಾಕಿ ಇದ್ದಿರಬೇಕು. ಆದರೆ ಅವಳ ಮುಖ ನೋಡಿದ್ದೇ ತಡ, ಏನನ್ನಿಸಿತೋ, ಬಗ್ಗಿ ಒಂದೊಂದೇ ಬ್ಲಾಕ್ ಆರಿಸಿ ಪೆಟ್ಟಿಗೆಗೆ ಹಾಕತೊಡಗಿದ. ಸದ್ದಾಗದ ಹಾಗೆ.

ಅವರಿಬ್ಬರ ಮೊದಲ ಭೇಟಿ ಹೀಗಾಯಿತು. ಪ್ರೀತಿ ಗೀತಿ ಅನ್ನುವ ಹಾಗೆ ಅದರಲ್ಲಿ ಏನೂ ಇರಲಿಲ್ಲ ಬಿಡಿ.

ಆ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗಾಗಿಯೇ ಒಂದು ವಿಭಾಗವಿತ್ತು. ಅಂಥ ಮಗು ಹುಟ್ಟಬೇಕಾಗಿದ್ದ ದಿನ ಬಂದಾಗ ಅದರ ಮಿದುಳಿನ ಸ್ಕ್ಯಾನ್ ತೆಗೆಯುತ್ತಿದ್ದರು. ಅಲ್ಲಿಂದ ಎರಡು ವರ್ಷ ಕಳೆದ ಮೇಲೆ ಮಗುವನ್ನು ಮತ್ತೆ ಕರೆಸಿ ಆಟದ ರೂಪದಲ್ಲಿ ಒಂದು ಪರೀಕ್ಷೆ. ಮಾತು ಎಷ್ಟು ಬಂದಿದೆ, ನಡಿಗೆ ಹೇಗಿದೆ, ಬೆರಳು ಮಾತು ಕೇಳುತ್ತವೆಯೇ... ಚಿತ್ರದಲ್ಲಿ ಕಂಡದ್ದಕ್ಕೂ ಮಗು ಬೆಳೆದದ್ದಕ್ಕೂ ಏನು ಸಂಬಂಧ ಅನ್ನುವುದನ್ನು ತಿಳಿಯುವ ದೊಡ್ಡ ಅಧ್ಯಯನ ಅದು.

ಸ್ಕ್ಯಾನ್ ತೆಗೆಯುವವನು ಅವನು. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ 'ಶ್ಶ್ ಸಾರ್'.

ಪರೀಕ್ಷೆ ಮಾಡುವವಳು ಅವಳು. ಎಲ್ಲರಿಗೂ 'ಬ್ಲಾಕ್ ಟೀಚರ್'.

ಇಬ್ಬರ ನಡುವೆ ಒಂದು ನಿಯಮವಿತ್ತು. ಪರೀಕ್ಷೆ ಮಾಡುವವಳಿಗೆ ಮಗುವಿನ ಸ್ಕ್ಯಾನ್ ವಿಷಯ ಒಂದಿಷ್ಟೂ ಗೊತ್ತಾಗಬಾರದು. ಗೊತ್ತಾದರೆ ಪಾಪ ಅಂತ ಒಂದು ಅಂಕ ಹೆಚ್ಚು ಹಾಕಬಹುದು, ಇಲ್ಲವೇ ಇಲ್ಲದ ಕೊರತೆ ಕಾಣಬಹುದು. ಮನುಷ್ಯರಲ್ಲವೇ!

ಟೀ ಕುಡಿಯುವ ಮೇಜಿನಲ್ಲಿ ಒಮ್ಮೆ ಅವನು ಬಾಯಿ ತಪ್ಪಿ ಶುರು ಮಾಡಿದ್ದ. "ಇವತ್ತು ಬೆಳಿಗ್ಗೆ ಒಂದು ಮಗು ರೀ, ಅದರ ಚಿತ್ರ..."

ಅವಳು ಎರಡೂ ಕಿವಿ ಮುಚ್ಚಿಕೊಂಡುಬಿಟ್ಟಳು. "ಬೇಡ! ಬೇಡ! ಎರಡು ವರ್ಷ ಆಗೋ ತನಕ ನನ್ನ ಹತ್ರ ಮಾತೇ ಆಡ್ಬೇಡಿ!"

"ಮಾತೇ ಆಡ್ಬಾರ್ದಾ?"

"ಮಗು ವಿಷಯ ಸಾರ್... ಬೇರೆ ಏನು ಬೇಕಾದ್ರೂ ಮಾತಾಡಿ."

ಅವನು ಬೇರೆ ಏನು ಬೇಕಾದರೂ ಮಾತಾಡಿದ. ತನ್ನ ಮಂಡಿನೋವು, ಕೆಳಗಿನ ಮನೆಯವರ ನಾಯಿ, ಬಾಗಿಲು ಸರಿಯಾಗಿ ಮುಚ್ಚದ ಬಸ್ಸು. ಎಲ್ಲವನ್ನೂ ಮೆಲುದನಿಯಲ್ಲೇ. ಹದಿನೈದು ವರ್ಷ ಕೂಸುಗಳನ್ನು ಮಲಗಿಸಿ ಮಲಗಿಸಿ ಅವನ ಗಂಟಲು ಮೆತ್ತಗಾಗಿಬಿಟ್ಟಿತ್ತು. ದಿನವಿಡೀ ಕಿರುಚಾಟ ಕೇಳಿ ಸೋತ ಅವಳ ಕಿವಿಗೆ ಆ ಹತ್ತು ನಿಮಿಷ ಎಷ್ಟು ಹಿತವೆನ್ನಿಸುತ್ತಿತ್ತು ಎಂದರೆ, ಅವನು ರಜೆ ಹಾಕಿದ ದಿನ ಟೀ ಬರೀ ಬಿಸಿನೀರಿನ ಹಾಗಿರುತ್ತಿತ್ತು.

'ಇದೇನು ನನಗೆ?' ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳಲು ಮಾತ್ರ ಧೈರ್ಯ ಸಾಲಲಿಲ್ಲ.

ಒಂದು ಶುಕ್ರವಾರ ಅವನು ಲೋಟ ಕೆಳಗಿಟ್ಟು, "ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು. ಸೋಮವಾರ ಹೇಳ್ತೀನಿ," ಎಂದ. ಕಿವಿ ಕೆಂಪಾಗಿತ್ತು.

"ಇವತ್ತೇ ಹೇಳಿ."

"ಇಲ್ಲ, ಸೋಮವಾರ. ಸ್ವಲ್ಪ ತಯಾರಿ ಬೇಕು."

ಆ ಸೋಮವಾರ ಬರಲೇ ಇಲ್ಲ. ಭಾನುವಾರ ಮಧ್ಯಾಹ್ನ ಅವಳ ಅಕ್ಕನಿಗೆ ನೋವು ಶುರುವಾಯಿತು. ಇನ್ನೂ ಏಳನೇ ತಿಂಗಳು!

*

ಹುಟ್ಟಿದಾಗ ಮಗು ಒಂದು ಕಿಲೋ ಕೂಡ ಇರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ನಳಿಗೆಗಳ ನಡುವೆ ಮಲಗಿದ್ದ ಆ ಜೀವವನ್ನು ನೋಡಿ ಭಾವ, "ಏನಮ್ಮಾ ಇದು, ಚೋಟುದ್ದ ಇದಾಳೆ," ಎಂದು ನಗಲು ಹೋಗಿ ಅತ್ತುಬಿಟ್ಟರು. ಅಂದಿನಿಂದ ಮಗು ಎಲ್ಲರಿಗೂ ಚೋಟು.

ಏಳು ವರ್ಷದಿಂದ ಇಂಥ ಮಕ್ಕಳನ್ನೇ ನೋಡುತ್ತಾ ಬಂದವಳು ಚೋಟುವಿನ ಚಿಕ್ಕಮ್ಮ, ನಮ್ಮ ಬ್ಲಾಕ್ ಟೀಚರ್. ಬೇರೆ ತಾಯಂದಿರಿಗೆ ಧೈರ್ಯ ಹೇಳಿ ಹೇಳಿ ಬಾಯಿಪಾಠವಾಗಿತ್ತು. ತನ್ನ ಅಕ್ಕನ ಮುಂದೆ ಮಾತ್ರ ಒಂದು ಪದವೂ ಹೊರಡಲಿಲ್ಲ.

ಅಕ್ಕ ಅಧ್ಯಯನಕ್ಕೆ ಒಪ್ಪಿ ಸಹಿ ಹಾಕಿದಳು. ಆ ಚಿಂತೆಯ ನಡುವೆ, ಅವನು ಸೋಮವಾರ ಹೇಳಬೇಕೆಂದಿದ್ದ ವಿಷಯ ಟೀ ಮೇಜಿನಲ್ಲಿ ಮತ್ತೆ ಬರಲಿಲ್ಲ. ಹನ್ನೆರಡು ವಾರ ಕಳೆದು ಸ್ಕ್ಯಾನಿನ ದಿನ ಬಂತು. ಅವನೇ ಚೋಟುವನ್ನು ಎತ್ತಿಕೊಂಡು ಒಳಗೆ ಹೋದ. ಅವಳು ಹೊರಗೆ ಬೆಂಚಿನ ಮೇಲೆ ಅಕ್ಕನ ಕೈ ಹಿಡಿದು ಕೂತಳು. ಒಳಗಿನಿಂದ ಮೆಷಿನ್ನಿನ ಟಕಟಕ ಸದ್ದು. ಮುಗಿಯದಷ್ಟು ಹೊತ್ತು.

ಬಾಗಿಲು ತೆರೆಯಿತು. ಅವಳು ದಿಗ್ಗನೆ ಎದ್ದು ನಿಂತಳು. ಅವನ ಕಣ್ಣು ಹುಡುಕಿದಳು.

ಅವನು ಅವಳ ಮುಖ ನೋಡಲಿಲ್ಲ!

ಮಗುವನ್ನು ಅಕ್ಕನ ತೋಳಿಗೆ ಕೊಟ್ಟ. ನೆಲ ನೋಡುತ್ತಾ, "ಮುಗೀತು. ಏನಿದ್ರೂ ಡಾಕ್ಟರ್ ಹೇಳ್ತಾರೆ," ಎಂದ. ತಿರುಗಿ ಒಳಗೆ ಹೋದ. ಬಾಗಿಲು ಹಾಕಿಕೊಂಡ.

ಅಷ್ಟೇ.

ದಿನಾ ನಾಯಿಯ ಕತೆ, ಮಂಡಿಯ ಕತೆ ಹೇಳುವ ಮನುಷ್ಯ ಒಂದು ಸಲ ಕಣ್ಣೆತ್ತಿ ನೋಡಲಾರದಂಥದ್ದು ಏನನ್ನು ಕಂಡ ಆ ಪರದೆಯ ಮೇಲೆ?

ಎರಡು ದಿನ ಬಿಟ್ಟು ದೊಡ್ಡ ಡಾಕ್ಟರಮ್ಮ ಕರೆದು ಹೇಳಿದರು. "ಅಲ್ಲಲ್ಲಿ ಸಣ್ಣ ಬಿಳಿ ಮಚ್ಚೆ ಇವೆ. ಇದರಿಂದ ಏನೂ ಆಗದೇ ಇರಬಹುದು. ಸ್ವಲ್ಪ ತೊಂದರೆ ಆಗಲೂಬಹುದು. ಈಗಲೇ ಹೇಳೋಕೆ ಯಾರಿಂದಲೂ ಆಗಲ್ಲ. ಎರಡು ವರ್ಷ ನೋಡೋಣ."

ಅಕ್ಕನಿಗೆ ಕೇಳಿಸಿದ್ದು 'ಏನೂ ಆಗದೇ ಇರಬಹುದು'. ಚಿಕ್ಕಮ್ಮನಿಗೆ ಕೇಳಿಸಿದ್ದು 'ಮಚ್ಚೆ'.

ಅದರ ಮುಂದಿನ ಸೋಮವಾರ ಟೀ ಮೇಜಿನಲ್ಲಿ ಅವನಿರಲಿಲ್ಲ. ಮಂಗಳವಾರವೂ ಇಲ್ಲ. ಅವನು ಟೀ ಸಮಯವನ್ನೇ ಬದಲಾಯಿಸಿಕೊಂಡಿದ್ದಾನೆ ಎಂದು ಕ್ಯಾಂಟೀನಿನವಳು ಹೇಳಿದಳು. ಕಾರಿಡಾರಿನಲ್ಲಿ ಎದುರಾದರೆ ಕೈಯಲ್ಲಿದ್ದ ಫೈಲು ನೋಡಿಕೊಂಡು ದಾಟಿಹೋಗುತ್ತಿದ್ದ. ಒಮ್ಮೆ ಫೈಲೇ ಇರಲಿಲ್ಲ. ಬರೀ ಅಂಗೈ ನೋಡಿಕೊಂಡು ಹೋದ!

'ಅಷ್ಟು ಕೆಟ್ಟದಾಗಿದೆಯಾ?' ಎಂದು ಅವಳು ತನ್ನಲ್ಲೇ ಕೇಳಿಕೊಂಡಳು. 'ನನಗೆ ಸುಳ್ಳು ಹೇಳೋಕಾಗದೆ ಓಡಿ ಹೋಗ್ತಿದಾರೆ... ಅಥವಾ ಇಂಥ ಮಗು ಇರೋ ಮನೆ ಸಹವಾಸವೇ ಬೇಡ ಅಂತಲಾ?'

ಎರಡನೆಯ ಯೋಚನೆ ಬಂದಾಗ ಅವಳಿಗೆ ಸಿಟ್ಟು ಬಂತು. ಆಮೇಲೆ ಅಳು ಬಂತು. ಆಮೇಲೆ ಎರಡಕ್ಕೂ ಶಕ್ತಿ ಉಳಿಯಲಿಲ್ಲ.

*

ಆ ಎರಡು ವರ್ಷವನ್ನು ಹೇಗೆ ಹೇಳುವುದು? ದಣಿವಿಗೆ ಕತೆ ಇರುವುದಿಲ್ಲ. ಒಂದು ದಿನ ಇನ್ನೊಂದರ ಹಾಗೇ ಇರುತ್ತದೆ.

ಬೆಳಿಗ್ಗೆಯಿಂದ ನಾಲ್ಕೂವರೆಯವರೆಗೆ ಊರ ಮಕ್ಕಳು. ನಾಲ್ಕೂವರೆಗೆ ಬಸ್ಸು. ಐದೂಕಾಲಿಗೆ ಅಕ್ಕನ ಮನೆ. ಚಪ್ಪಲಿ ಬಿಟ್ಟವಳೇ ಕೈ ತೊಳೆದು ಚೋಟು ಮುಂದೆ ಕೂರುತ್ತಿದ್ದಳು. ಮೊದಮೊದಲು ಬೋರಲು ಮಲಗಿಸಿ ಕತ್ತು ಎತ್ತಿಸುವುದು, ಕೈಕಾಲು ನೀವುವುದು. ಅಲ್ಲಿಯವರೆಗೆ ಸರಿಯೇ ಇತ್ತು.

ಸ್ಕ್ಯಾನ್ ಆಗಿ ಹತ್ತು ತಿಂಗಳು ತುಂಬಿದಾಗ ಅವಳು ಒಂದು ತಪ್ಪು ಮಾಡಿದಳು. ಅದು ತಪ್ಪು ಎಂದು ಅವಳಷ್ಟು ಚೆನ್ನಾಗಿ ಬಲ್ಲವರು ಆ ಊರಲ್ಲೇ ಯಾರೂ ಇರಲಿಲ್ಲ.

ಪರೀಕ್ಷೆಯ ಪೆಟ್ಟಿಗೆಯಲ್ಲಿ ಇರುವಂಥದ್ದೇ ಬ್ಲಾಕುಗಳನ್ನು ಅಂಗಡಿ ಅಂಗಡಿ ಅಲೆದು ಕೊಂಡು ತಂದಳು. ಅದೇ ಅಳತೆ, ಅದೇ ಕೆಂಪು. ಗೊಂಬೆ, ಚಿಕ್ಕ ಚಮಚ, ಪ್ರಾಣಿಗಳ ಚಿತ್ರದ ಪುಸ್ತಕ, ಆಕಾರಗಳ ಹಲಗೆ. ಎರಡು ವರ್ಷಕ್ಕೆ ಏನೇನು ಕೇಳುತ್ತಾರೋ ಅದೆಲ್ಲ. ಅದೇ ಮಾತಿನಲ್ಲಿ, ಅದೇ ಕ್ರಮದಲ್ಲಿ!

"ಒಂದರ ಮೇಲೊಂದು ಇಡು ಚಿನ್ನಾ. ಹಾಂ... ಇನ್ನೊಂದು. ಎಡಗೈ, ಎಡಗೈಲಿ ಇಡು. ಗೊಂಬೆ ಮೂಗೆಲ್ಲಿ? ತೋರ್ಸು. ಅಲ್ಲ, ಅದು ಕಿವಿ... ಮತ್ತೆ ಮಾಡೋಣ."

"ಬಿಡೇ," ಎನ್ನುತ್ತಿದ್ದಳು ಅಕ್ಕ, ಬಾಗಿಲಿಗೆ ಒರಗಿ ನಿಂತು. "ಮಗು ಆಕಳಿಸ್ತಿದೆ. ನೀನೂ ಆಕಳಿಸ್ತಿದೀಯ."

"ಇನ್ನೈದು ನಿಮಿಷ ಅಕ್ಕಾ."

"ಟಿಕೆಟ್ ಇಲ್ದೋರು ಚೆಕಿಂಗ್ ನೋಡಿದ ಹಾಗೆ ಬಚ್ಚಿಟ್ಕೊಳ್ತಾಳೆ ಮಾರಾಯ್ತಿ ನಿನ್ನ ಕಂಡ್ರೆ," ಎಂದು ಭಾವ ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಆ ನಗು ಚುಚ್ಚತೊಡಗಿತು.

ನಿಜಕ್ಕೂ ಚೋಟು ಈಗೀಗ ಅವಳನ್ನು ಕಂಡರೆ ಓಡಿ ಬರುತ್ತಿರಲಿಲ್ಲ. ನಡೆಯಲು ಕಲಿತದ್ದೇ ತಡವಾಗಿ, ಹತ್ತೊಂಬತ್ತನೇ ತಿಂಗಳಿಗೆ. ಕಲಿತ ಹೆಜ್ಜೆಯನ್ನು ಸೋಫಾದ ಹಿಂದೆ ಹೋಗಿ ಕೂರಲು ಬಳಸುತ್ತಿದ್ದಳು.

'ಇರಲಿ. ನನ್ನನ್ನು ದ್ವೇಷಿಸಿದರೂ ಪರವಾಗಿಲ್ಲ. ಆ ಚಿತ್ರ ಸುಳ್ಳಾಗಬೇಕು. ಅವರು ಕಣ್ಣೆತ್ತಿ ನನ್ನನ್ನು ನೋಡುವ ಹಾಗಾಗಬೇಕು...'

ತನ್ನ ಯೋಚನೆ ಎಲ್ಲಿಗೆ ಹೋಗಿ ಮುಟ್ಟಿತೆಂದು ತಿಳಿದು ಅವಳಿಗೇ ನಾಚಿಕೆಯಾಯಿತು. ಎರಡು ವರ್ಷ ಕಳೆದರೂ ಎಲ್ಲವೂ ಅವನ ಮುಖಕ್ಕೇ ಬಂದು ನಿಲ್ಲುತ್ತಿತ್ತು.

*

ಪರೀಕ್ಷೆಯ ದಿನ ಬಂತು.

ಸ್ವಂತ ಅಕ್ಕನ ಮಗು. ಆದ್ದರಿಂದ ಬೇರೆ ಆಸ್ಪತ್ರೆಯಿಂದ ಒಬ್ಬ ಪರೀಕ್ಷಕಿಯನ್ನು ಕರೆಸಿದ್ದರು. ಕೋಣೆಯೊಳಗೆ ಅಕ್ಕ, ಅವಳ ತೊಡೆಯ ಮೇಲೆ ಚೋಟು. ಈಚೆ ಕಡೆ, ಒಳಗಿನವರಿಗೆ ಕಾಣದ ಗಾಜಿನ ಹಿಂದೆ, ದೊಡ್ಡ ಡಾಕ್ಟರಮ್ಮ ಮತ್ತು ಅವಳು.

"ನೀನು ಹೊರಗೆ ಕೂತಿದ್ರೆ ಒಳ್ಳೇದಿತ್ತು," ಎಂದರು ಡಾಕ್ಟರಮ್ಮ.

"ಸುಮ್ನೆ ನಿಂತಿರ್ತೀನಿ ಮೇಡಂ."

ಪರೀಕ್ಷಕಿ ನಗುತ್ತಾ ಚೋಟುವಿನ ಕೆನ್ನೆ ಮುಟ್ಟಿದಳು. ಚೋಟುವೂ ನಕ್ಕಳು. ಆಹಾ, ಎಷ್ಟು ಚೆನ್ನಾಗಿ ನಕ್ಕಳು!

ಪರೀಕ್ಷಕಿ ಪೆಟ್ಟಿಗೆ ತೆರೆದು ಕೆಂಪು ಬ್ಲಾಕುಗಳನ್ನು ಮೇಜಿನ ಮೇಲೆ ಇಟ್ಟಳು.

ಚೋಟುವಿನ ನಗು ಆರಿಹೋಯಿತು.

ಮಗು ಬ್ಲಾಕುಗಳನ್ನು ನೋಡಿತು. ಪರೀಕ್ಷಕಿಯನ್ನು ನೋಡಿತು. ಇಲ್ಲಿಯೂ ಬಿಡಲಿಲ್ಲವಲ್ಲ ಎನ್ನುವಂತೆ ಒಂದು ನಿಟ್ಟುಸಿರು ಬಿಟ್ಟಿತು. ಎರಡು ವರ್ಷದ ಮಗುವಿಗೆ ಅಂಥ ನಿಟ್ಟುಸಿರು ಎಲ್ಲಿಂದ ಬರಬೇಕು? ಆಮೇಲೆ ಬಲಗೈ ಬೀಸಿ ಅಷ್ಟೂ ಬ್ಲಾಕನ್ನು ಕೆಳಗೆ ತಳ್ಳಿತು.

"ಬೇಡ!"

ಗೊಂಬೆ ಬಂತು. "ಬೇಡ!" ಚಿತ್ರದ ಪುಸ್ತಕ ಬಂತು. ಚೋಟು ಅದನ್ನು ಮುಚ್ಚಿದಳು. ಚಮಚ ಕಂಡದ್ದೇ ಅಮ್ಮನ ಎದೆಗೆ ಮುಖ ಒತ್ತಿ ಅಳತೊಡಗಿದಳು.

ಪರೀಕ್ಷಕಿ ಕಾಗದದ ಮೇಲೆ ಏನೋ ಬರೆದಳು. ಅದೇನೆಂದು ಚಿಕ್ಕಮ್ಮನಿಗೆ ಗಾಜಿನ ಈಚೆಯಿಂದಲೂ ಗೊತ್ತಿತ್ತು. 'ಮಾಡಲಿಲ್ಲ. ಮಾಡಲಿಲ್ಲ. ಮಾಡಲಿಲ್ಲ.'

ಸುಮ್ಮನೆ ನಿಂತಿರುತ್ತೇನೆ ಎಂದವಳು ಬಾಗಿಲು ದೂಡಿಕೊಂಡು ಒಳಗೆ ಹೋಗಿಬಿಟ್ಟಳು!

"ನಿಲ್ಸಿ ಮೇಡಂ... ದಯವಿಟ್ಟು ನಿಲ್ಸಿ. ಅವಳಿಗೆ ಬರುತ್ತೆ. ಎಲ್ಲಾ ಬರುತ್ತೆ. ತಪ್ಪು ನಂದು."

"ಏನ್ ತಪ್ಪು?" ಹಿಂದಿನಿಂದ ಡಾಕ್ಟರಮ್ಮನ ದನಿ.

"ಹದಿನಾಲ್ಕು ತಿಂಗಳಿಂದ ದಿನಾ ಸಂಜೆ ಇದನ್ನೇ ಮಾಡಿಸಿದೀನಿ. ಇದೇ ಬ್ಲಾಕ್, ಇದೇ ಪ್ರಶ್ನೆ. ಎಲ್ಲಾ ನಾನೇ ಹೇಳಿಕೊಟ್ಟೆ..."

ಪರೀಕ್ಷಕಿ ಪೆನ್ನು ಕೆಳಗಿಟ್ಟಳು. ಚೋಟು ಕೂಡ ಅಳು ನಿಲ್ಲಿಸಿ ನೋಡಿದಳು.

"ನೀನು ಈ ಕೆಲಸಕ್ಕೆ ಬಂದು ಎಷ್ಟು ವರ್ಷ ಆಯ್ತು?" ಕೇಳಿದರು ಡಾಕ್ಟರಮ್ಮ.

"ಒಂಬತ್ತು."

"ಒಂಬತ್ತು ವರ್ಷದಲ್ಲಿ ಎಷ್ಟು ಅಮ್ಮಂದಿರಿಗೆ ಹೇಳಿದೀಯ, ಮನೇಲಿ ಪರೀಕ್ಷೆ ಮಾಡಿಸ್ಬೇಡಿ, ಸುಮ್ನೆ ಆಟ ಆಡಿಸಿ ಅಂತ?"

ಅವಳು ತಲೆ ತಗ್ಗಿಸಿದಳು. ಲೆಕ್ಕವಿಟ್ಟವರು ಯಾರು?

ಡಾಕ್ಟರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು. "ಇವತ್ತಿಂದು ರದ್ದು. ಆರು ತಿಂಗಳು ಬಿಟ್ಟು ಬೇರೆ ಸಾಮಾನು, ಬೇರೆ ರೀತಿ ನೋಡೋಣ. ಎರಡು ತಿಂಗಳು ನೀನು ಪರೀಕ್ಷೆ ಕೋಣೆಗೆ ಕಾಲಿಡಬೇಡ. ಶಿಕ್ಷೆ ಅಂದ್ಕೊಂಡ್ರೂ ಸರಿ, ನಿದ್ದೆ ಅಂದ್ಕೊಂಡ್ರೂ ಸರಿ."

ಆಮೇಲೆ ಅಕ್ಕನ ಕಡೆ ತಿರುಗಿದರು. "ಪರೀಕ್ಷೆ ಪಕ್ಕಕ್ಕಿರಲಿ, ಮಗು ನನಗೆ ಕಾಣಿಸ್ತಲ್ಲ. ಬೇಡ ಅನ್ನೋದು ಸ್ಪಷ್ಟವಾಗಿ ಅಂದ್ಲು. ಯಾವುದು ಬೇಡ ಅಂತ ಅವಳಿಗೆ ಗೊತ್ತು. ಎಡಗೈ ಸ್ವಲ್ಪ ಹಿಂದಿದೆ, ಅದಕ್ಕೆ ವ್ಯಾಯಾಮ ಬೇಕು. ನಡಿಗೆಗೂ ಸ್ವಲ್ಪ ದಿನ ಬೇಕು. ಇಷ್ಟು ಈಗ ಹೇಳಬಲ್ಲೆ. ಮಿಕ್ಕಿದ್ದನ್ನ ಅವಳೇ ಬೆಳೆದು ಹೇಳಲಿ."

ಅಕ್ಕ ಬೈಯಲಿಲ್ಲ. ತಂಗಿಯ ಭುಜ ಒಂದು ಸಲ ಹಿಡಿದು ಬಿಟ್ಟು, ಚೋಟುವನ್ನು ಎತ್ತಿಕೊಂಡು ಹಾಲು ಕುಡಿಸಲು ಹೋದಳು.

*

ತಾಯಂದಿರು ಕಾಯುವ ಕೋಣೆ ಮಧ್ಯಾಹ್ನದಲ್ಲಿ ಖಾಲಿಯಿರುತ್ತದೆ. ಅವಳು ಹೋಗಿ ಮೂಲೆಯ ಸೀಟುಗಳ ಸಾಲಿನಲ್ಲಿ ಕುಸಿದಳು. ಅಳು ಬರಲೆಂದು ಕಾದಳು. ಬರಲಿಲ್ಲ. ಮೈಯೆಲ್ಲ ಒದ್ದೆ ಬಟ್ಟೆಯಂತೆ ಭಾರವಾಗಿತ್ತು.

ಬಾಗಿಲು ಮೆಲ್ಲಗೆ ತೆರೆಯಿತು. ಸದ್ದೇ ಇಲ್ಲ. ಯಾರೆಂದು ನೋಡಬೇಕಾಗಿಯೇ ಇರಲಿಲ್ಲ.

ಅವನು ಬಂದು ಒಂದು ಸೀಟು ಬಿಟ್ಟು ಕೂತ. ಕೂದಲು ಅಲ್ಲಲ್ಲಿ ನರೆತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿದ.

"ವಿಷಯ ಗೊತ್ತಾಯ್ತು," ಎಂದ.

"ಈಗ ಯಾಕೆ ಬಂದ್ರಿ?" ಅವಳ ದನಿಯಲ್ಲಿ ಸಿಟ್ಟಿಗೂ ಜೀವ ಇರಲಿಲ್ಲ. "ಆ ದಿನವೇ ಒಂದು ಮಾತು ಹೇಳ್ಬಹುದಿತ್ತಲ್ಲ... ಏನು ಕಂಡಿತ್ತು ನಿಮಗೆ ಅಲ್ಲಿ? ಅಷ್ಟು ಕೆಟ್ಟದಾಗಿತ್ತಾ, ನನ್ನ ಮುಖ ನೋಡೋಕಾಗದಷ್ಟು?"

ಅವನು ನಿಜಕ್ಕೂ ಬೆಚ್ಚಿದ.

"ಕೆಟ್ಟದ್ದಾ? ಯಾರು ಹೇಳಿದ್ರು?"

"ನೀವೇ ಹೇಳಿದ್ರಿ! ನೆಲ ನೋಡಿದ್ರಿ! ಟೀಗೆ ಬರೋದು ಬಿಟ್ರಿ! ಅಂಗೈ ನೋಡ್ಕೊಂಡು ಹೋದ್ರಿ! ಇನ್ನೇನು ಬಾಯಿ ಬಿಟ್ಟು ಹೇಳ್ಬೇಕಾ?"

ಅವನು ಹಣೆ ಚಚ್ಚಿಕೊಂಡ.

"ಅಯ್ಯೋ ದೇವರೇ..." ಎಂದ. "ಹಂಗೆ ಅರ್ಥ ಮಾಡ್ಕೊಂಡ್ರಾ ನೀವು!"

"ಮತ್ತೆ ಹೆಂಗೆ?"

"ನಿಯಮ ರೀ! ನಾನು ಸ್ಕ್ಯಾನ್ ಮಾಡಿದ ಮಗುವಿನ ಮನೆಯವರ ಹತ್ರ ಎರಡು ವರ್ಷದ ಪರೀಕ್ಷೆ ಮುಗಿಯೋ ತನಕ ಒಡನಾಟ ಇಟ್ಕೋಬಾರ್ದು ಅಂತ. ಎರಡು ವರ್ಷ ಮಾತೇ ಆಡ್ಬೇಡಿ ಅಂತ ಕಿವಿ ಮುಚ್ಕೊಂಡೋರು ನೀವಲ್ವಾ? ನಿಯಮ ಅಂದ್ರೆ ಪ್ರಾಣ ಬಿಡೋರು... ನಾನು ಬಾಯಿ ಮುಚ್ಕೊಂಡಿದ್ರೆ ನಿಮಗೆ ಹೇಳದೇ ಅರ್ಥ ಆಗುತ್ತೆ ಅಂದ್ಕೊಂಡೆ."

"ಮುಖ ಯಾಕೆ ನೋಡ್ಲಿಲ್ಲ?"

ಅವನು ಕೈ ಕೈ ಹಿಸುಕಿಕೊಂಡ.

"ಹದಿನೇಳು ವರ್ಷ ರೀ. ಬಾಗಿಲು ತೆಗೆದ ತಕ್ಷಣ ಎಲ್ಲಾ ತಾಯಂದಿರೂ ನನ್ನ ಮುಖ ಓದ್ತಾರೆ. ನನಗೆ ಏನೂ ತೋರಿಸದೇ ಇರೋದು ಅಭ್ಯಾಸ ಆಗಿದೆ. ಆದ್ರೆ ಅವತ್ತು ಬಾಗಿಲಾಚೆ ನೀವಿದ್ರಿ. ನಿಮ್ಮ ಮುಂದೆ ನನಗೆ ಆ ಮುಖ ಬರಲ್ಲ. ನಾನು ಒಳಗೆ ಅತ್ತಿದ್ದೆ... ಚಿತ್ರ ನೋಡಿ ಅಲ್ಲ. ಅಷ್ಟು ಚಿಕ್ಕ ಕೂಸು, ನಿಮ್ಮ ಮನೇದು, ನನ್ನ ಕೈಲಿ ಮಲಗಿತಲ್ಲ ಅಂತ. ಕೆಂಪು ಕಣ್ಣು ನೋಡಿದ್ರೆ ನೀವೇನು ಅಂದ್ಕೊಳ್ತಿದ್ರಿ? ಅದಕ್ಕೇ ನೆಲ ನೋಡ್ದೆ."

ಎರಡು ವರ್ಷ ತಾನು ಓದಿದ್ದು ಏನೂ ಬರೆಯದ ಕಾಗದವನ್ನೇ?

"ಹಂಗಾದ್ರೆ ಚಿತ್ರ...?"

"ನನಗೆ ಓದೋಕೆ ಎಲ್ಲಿ ಬರುತ್ತೆ? ಮಗು ಅಲ್ಲಾಡಿಲ್ಲ, ಚಿತ್ರ ಸ್ಪಷ್ಟವಾಗಿದೆ, ಅಷ್ಟೇ ನನಗೆ ಗೊತ್ತಾಗೋದು. ಅಲ್ಪಸ್ವಲ್ಪ ಊಹೆ ಮಾಡ್ತಿದ್ದೆ ಮೊದಲು. ಒಂದು ಮಗುವಿನ ಚಿತ್ರ ನೋಡಿ ಎರಡು ದಿನ ಊಟ ಸೇರಿರಲಿಲ್ಲ. ಎರಡು ವರ್ಷ ಬಿಟ್ಟು ಬಂದು ಓಡಾಡ್ತಾ ನನ್ನ ಮಂಡಿಗೇ ಗುದ್ದಿತು ಅದು! ಇನ್ನೊಂದು ಮಗು, ಮಚ್ಚೆ ಇಲ್ಲ ಏನಿಲ್ಲ, ಮಾತೇ ಬರಲಿಲ್ಲ ಪಾಪ. ಆಮೇಲೆ ಊಹೆ ಮಾಡೋದು ಬಿಟ್ಟೆ."

ಅವಳಿಗೆ ನಗು ಬಂತೋ ಅಳು ಬಂತೋ. ಎರಡೂ ಒಟ್ಟಿಗೆ ಬಂದವು. ಅವನು ಕರವಸ್ತ್ರ ಕೊಟ್ಟ.

"ಈಗ ಪರೀಕ್ಷೆ ರದ್ದಾಯ್ತಲ್ಲ," ಎಂದಳು ಮೂಗು ಒರೆಸಿಕೊಂಡು. "ನಿಯಮದ ಪ್ರಕಾರ ಇನ್ನೂ ಆರು ತಿಂಗಳು ನೀವು ಮಾತಾಡೋ ಹಾಗಿಲ್ಲ."

"ಹೌದು."

"ಮತ್ತೆ ಯಾಕೆ ಬಂದ್ರಿ?"

"ಆಗ್ಲಿಲ್ಲ ರೀ." ಅವನ ದನಿ ಒಡೆಯಿತು. "ಎರಡು ವರ್ಷ ಇದ್ದೆ. ಇನ್ನು ಒಂದು ದಿನವೂ ಆಗಲ್ಲ. ಡಾಕ್ಟರಮ್ಮನ ಹತ್ರ ಹೋಗಿ ಬರೆದುಕೊಟ್ಟು ಬಂದೆ, ಈ ಮಗುವಿನ ಫೈಲು ಇನ್ನು ಮೇಲೆ ನನ್ನ ಕೈಗೆ ಬರೋದು ಬೇಡ ಅಂತ. ಯಾಕೆ ಅಂತ ಕೇಳಿದ್ರು. ಅದನ್ನೂ ಹೇಳ್ದೆ."

ಅವಳು ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಹೊರೆ ಇಳಿದ ಭುಜದ ಹಾಗೆ ಇಡೀ ಮೈ ಹಗುರಾಯಿತು.

"ಹೇಳಿ," ಎಂದಳು. "ನೀವು ಮಾತಾಡ್ತಾ ಇರಿ. ಎಷ್ಟು ದಿನ ಆಯ್ತು ನಿಮ್ಮ ದನಿ ಕೇಳಿ..."

ಅವನು ಹೇಳಿದ. ಎರಡು ವರ್ಷದಲ್ಲಿ ಕೂಡಿಟ್ಟಿದ್ದನ್ನೆಲ್ಲ ಆ ಮೆತ್ತನೆ ದನಿಯಲ್ಲೇ ಹೇಳಿದ. ಒಬ್ಬನೇ ಟೀ ಕುಡಿದದ್ದು, ಅವಳ ಬಸ್ಸು ಹೊರಡುವವರೆಗೆ ಮೇಲಿನ ಕಿಟಕಿಯಲ್ಲಿ ನಿಂತದ್ದು, ಅಂಗೈ ನೋಡಿಕೊಂಡು ಹೋದ ದಿನ ಗೋಡೆಗೆ ಡಿಕ್ಕಿ ಹೊಡೆದದ್ದು. ಹೇಳುತ್ತಾ ಹೇಳುತ್ತಾ ಧೈರ್ಯ ಬಂತು. ಮುಖ್ಯವಾದ ಮಾತನ್ನೂ ಕೇಳಿಬಿಟ್ಟ.

ಉತ್ತರಕ್ಕೆ ಕಾದ.

ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅವಳ ಕತ್ತು ಒಂದು ಕಡೆಗೆ ವಾಲಿತ್ತು. ಬಾಯಿ ಅರ್ಧ ತೆರೆದಿತ್ತು. ಹೆಣದಂಥ ನಿದ್ದೆ!

ಅವನು ನಡುವಿನ ಖಾಲಿ ಸೀಟಿಗೆ ಸರಿದು ಕೂತ. ವಾಲಿದ ತಲೆ ಅವನ ಭುಜಕ್ಕೆ ಬಂತು. ಹಾಲು ಕುಡಿಸಿ ಮುಗಿಸಿದ ಅಕ್ಕ ಬಾಗಿಲಲ್ಲಿ ಇಣುಕಿದಳು. ಅವನು ತುಟಿಗೆ ಬೆರಳಿಟ್ಟ. ಅಕ್ಕ ಕಣ್ಣಲ್ಲೇ ನಕ್ಕು, ಚೋಟುವನ್ನು ಎತ್ತಿಕೊಂಡು ಹಿಂದಕ್ಕೆ ಹೋದಳು.

ಒಂದೂವರೆ ಗಂಟೆಯಾದ ಮೇಲೆ ಅವಳು ಕಣ್ಣು ಬಿಟ್ಟಳು. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೆನ್ನೆಯ ಕೆಳಗೆ ಅವನ ಅಂಗಿ. ಗಾಬರಿಯಾಗಿ ಎದ್ದು ಕೂತಳು.

"ಅಯ್ಯೋ... ನೀವು ಏನೋ ಹೇಳ್ತಿದ್ರಿ!"

"ಹೌದು."

"ನಾನು ಎಲ್ಲಿವರೆಗೆ ಕೇಳಿಸ್ಕೊಂಡೆ?"

"ಕಿಟಕಿವರೆಗೆ, ಅನ್ಸುತ್ತೆ."

"ಆಮೇಲೆ?"

"ಆಮೇಲೆ ಗೋಡೆಗೆ ಡಿಕ್ಕಿ ಹೊಡೆದೆ."

"ಆಮೇಲೆ?"

ಅವನು ಮರಗಟ್ಟಿದ ಭುಜ ನೀವಿಕೊಂಡ. ಕಿವಿ ಕೆಂಪಾಯಿತು.

"ಆಮೇಲೆ... ನನ್ನ ಮದುವೆ ಆಗ್ತೀರಾ ಅಂತ ಕೇಳ್ದೆ."

"ನಾನೇನಂದೆ?"

"ಗೊರಕೆ ಹೊಡೆದ್ರಿ."

"ನಾನಾ? ಗೊರಕೆನಾ?!"

"ಸಣ್ಣದು."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ಗೊತ್ತಾಗಲಿಲ್ಲ. ಕೈ ಸರಿಸಿದಾಗ ಕಣ್ಣು ತುಂಬಿದ್ದವು.

"ಇನ್ನೊಂದು ಸಲ ಕೇಳಿ," ಎಂದಳು. "ಈ ಸಲ ಎಚ್ಚರ ಇರ್ತೀನಿ."